ಅರಿಶಿಣವೂ ಕ್ಯಾನ್ಸರ್ ಕೋಶ ಕೊಲ್ಲುತ್ತದೆ, ಅಡಿಕೆಯೂ ಕೊಲ್ಲುತ್ತದೆ: ಪ್ರಯೋಗಾಲಯದ ಸುದ್ದಿಯನ್ನು ಓದುವುದು ಹೇಗೆ?

2024ರ ಫೆಬ್ರವರಿಯಲ್ಲಿ ಒಂದು ಸುದ್ದಿ ಬಂತು. ಭಾರತೀಯ ಮಸಾಲೆ ಪದಾರ್ಥಗಳನ್ನು ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ವಿಧಾನಕ್ಕೆ ಐಐಟಿ ಮದ್ರಾಸ್‌ನ ಸಂಶೋಧಕರು ಪೇಟೆಂಟ್ ಪಡೆದಿದ್ದಾರೆ, 2028ರ ಹೊತ್ತಿಗೆ ಔಷಧಿ ಮಾರುಕಟ್ಟೆಗೆ ಬರಬಹುದು ಎಂದು. ಎರಡು ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು ಸುದ್ದಿ. ಭಾರತದ ಮಸಾಲೆ ಪುಡಿಗಳಲ್ಲಿ ಕ್ಯಾನ್ಸರ್ ತರಬಲ್ಲ ಎಥಿಲಿನ್ ಆಕ್ಸೈಡ್ ಸಿಕ್ಕಿತೆಂದು ಹಾಂಗ್‌ಕಾಂಗ್ ಕೆಲವು ಪುಡಿಗಳ ಮಾರಾಟ ನಿಲ್ಲಿಸಿತು, ಸಿಂಗಪುರವೂ ಒಂದನ್ನು ವಾಪಸ್ ತರಿಸಿತು. ಅಕ್ಟೋಬರ್‌ನಲ್ಲಿ ಅಡಿಕೆಯ ಸರದಿ. ಜಗತ್ತಿನ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅಡಿಕೆ ಮತ್ತು ಹೊಗೆರಹಿತ ತಂಬಾಕಿನಿಂದ ಬರುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ಲೆಕ್ಕ ಕೊಟ್ಟಿತು. ನವೆಂಬರ್‌ನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು, ತಮ್ಮ ಪತ್ನಿ ನಾಲ್ಕನೇ ಹಂತದ ಕ್ಯಾನ್ಸರ್ ಗೆದ್ದದ್ದರಲ್ಲಿ ಹಸಿ ಅರಿಶಿಣ, ಬೇವು, ನಿಂಬೆರಸದ ಪಥ್ಯದ ಪಾತ್ರ ದೊಡ್ಡದು ಎಂದರು. ಇಂಥ ಮಾತು ನಂಬಿ ಚಿಕಿತ್ಸೆ ತಡಮಾಡಬೇಡಿ ಎಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಹಾಲಿ ಮತ್ತು ಮಾಜಿ ವೈದ್ಯರು 262 ಮಂದಿ ಸಹಿ ಹಾಕಿ ಹೇಳಿಕೆ ಕೊಟ್ಟರು. ಆಕೆಗೆ ಶಸ್ತ್ರಚಿಕಿತ್ಸೆ, ಕೀಮೊ ಎರಡೂ ಆಗಿದ್ದವು.

ಮಸಾಲೆ ಕ್ಯಾನ್ಸರ್ ತರುತ್ತದೆ ಎಂದೂ, ಕಳೆಯುತ್ತದೆ ಎಂದೂ ಒಂದೇ ವರ್ಷದಲ್ಲಿ ಓದಿದವರು ಗೊಂದಲಪಟ್ಟರೆ ಅದು ಅವರ ತಪ್ಪಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆಯವರಿಗಂತೂ ಇದು ಬರೀ ಓದುವ ಸುದ್ದಿಯಲ್ಲ. ಚನ್ನಗಿರಿ, ಹೊಳಲ್ಕೆರೆಯ ತೋಟಗಳ ಬದುಕು ಅಡಿಕೆಯ ಮೇಲೆ ನಿಂತಿದೆ, ಚಳ್ಳಕೆರೆಯದು ಶೇಂಗಾದ ಮೇಲೆ. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಇಲ್ಲಿನ ಪ್ರತಿ ಮನೆಯ ಡಬ್ಬಿಯಲ್ಲಿದೆ. ಈ ಸುದ್ದಿಗಳು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ನಿಜಕ್ಕೂ ಹಾಗಿಲ್ಲ. ಒಂದು ಗಾಜಿನ ತಟ್ಟೆಯಲ್ಲಿ ನಡೆದದ್ದನ್ನು ಹೇಳುತ್ತದೆ, ಒಂದು ಪ್ಯಾಕೆಟ್ಟಿಗೆ ಸೇರಿದ ರಾಸಾಯನಿಕವನ್ನು, ಒಂದು ಇಪ್ಪತ್ತು ವರ್ಷದ ಚಟವನ್ನು, ಇನ್ನೊಂದು ಒಬ್ಬ ರೋಗಿಯನ್ನು.

ಪೇಟೆಂಟ್ ಯಾವುದಕ್ಕೆ ಸಿಗುತ್ತದೆ

ಅರಿಶಿಣ ಗಾಯ ಮಾಯಿಸುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಒಂದು ವಿಶ್ವವಿದ್ಯಾಲಯ ಪೇಟೆಂಟ್ ಪಡೆದಿತ್ತು. ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ನಮ್ಮ ಪೇಟೆಂಟ್ ಕಾಯ್ದೆಯ 3ನೇ ಕಲಮು ಕೂಡ ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ. ಹಾಗಾಗಿ ಮದ್ರಾಸಿನಲ್ಲಿ ಪೇಟೆಂಟ್ ಸಿಕ್ಕಿದ್ದು ಡಬ್ಬಿಯಲ್ಲಿರುವ ಮಸಾಲೆಗಲ್ಲ. ಮಸಾಲೆಯ ಅಂಶವನ್ನು ಅತಿಸೂಕ್ಷ್ಮ ಹನಿಗಳಾಗಿ ಒಡೆದು ತಯಾರಿಸುವ ನ್ಯಾನೊ ಔಷಧ ರೂಪಕ್ಕೆ.

ಪೇಟೆಂಟ್ ಕಚೇರಿ ಕೇಳುವ ಪ್ರಶ್ನೆ ಮೂರು. ಇದು ಹೊಸದೇ? ಇದರಲ್ಲಿ ಆವಿಷ್ಕಾರದ ಹೆಜ್ಜೆ ಇದೆಯೇ? ಉದ್ಯಮದಲ್ಲಿ ತಯಾರಿಸಲು ಬರುತ್ತದೆಯೇ? ರೋಗಿ ಬದುಕುತ್ತಾನೆಯೇ ಎಂದು ಅದು ಕೇಳುವುದಿಲ್ಲ. ಆ ಪ್ರಶ್ನೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯದು, ಮತ್ತು ಉತ್ತರ ಸಿಗುವುದು ಮನುಷ್ಯರ ಮೇಲಿನ ಮೂರು ಹಂತದ ಪ್ರಯೋಗಗಳ ನಂತರ. ಮೊದಲ ಹಂತದಲ್ಲಿ ಕೆಲವೇ ಜನರಿಗೆ ಕೊಟ್ಟು ಎಷ್ಟು ಪ್ರಮಾಣ ತಡೆದುಕೊಳ್ಳಬಹುದು ಎಂದು ನೋಡುತ್ತಾರೆ. ಎರಡನೆಯದರಲ್ಲಿ ಗಡ್ಡೆ ಕುಗ್ಗುವ ಸೂಚನೆ ಇದೆಯೇ ಎಂದು. ಮೂರನೆಯದರಲ್ಲಿ ನೂರಾರು ರೋಗಿಗಳನ್ನು ಎರಡು ಗುಂಪು ಮಾಡಿ ಈಗಿರುವ ಚಿಕಿತ್ಸೆಗೆ ಹೋಲಿಸಿ ನೋಡುತ್ತಾರೆ. ಮೊದಲ ಹಂತಕ್ಕೆ ಕಾಲಿಟ್ಟ ನೂರು ಕ್ಯಾನ್ಸರ್ ಔಷಧಿಗಳಲ್ಲಿ ಕೊನೆ ಮುಟ್ಟುವುದು ಸುಮಾರು ಐದು. ಆಗಿನ ವರದಿಯಲ್ಲೇ ಮನುಷ್ಯರ ಮೇಲಿನ ಪ್ರಯೋಗ ಇನ್ನೂ ಆಗಬೇಕಿದೆ ಎಂದಿತ್ತು. ಹಾಗಿದ್ದ ಮೇಲೆ 2028ರಲ್ಲಿ ಔಷಧಿ ಅಂಗಡಿಗೆ ಬರುವುದು ಕಷ್ಟ. ಶೀರ್ಷಿಕೆ ಓದಿ ಕಾಯುತ್ತಿರುವ ರೋಗಿಗಳ ಮನೆಯವರಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು.

ಗಾಜಿನ ತಟ್ಟೆಯೊಳಗೆ

"ಕ್ಯಾನ್ಸರ್ ಕೋಶಗಳನ್ನು ಕೊಂದಿತು" ಎಂಬ ಸಾಲು ಎಲ್ಲಿಂದ ಬರುತ್ತದೆ ನೋಡೋಣ. ಗಾಜಿನ ತಟ್ಟೆ ಎಂಬುದು ಮಾತಿನ ರೂಢಿ, ಬಳಸುವುದು ಅಂಗೈ ಅಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಪಡ್ಡಿನ ಕಾವಲಿಯಂತೆ ಗುಳಿಗಳು, ಒಟ್ಟು 96. ಒಂದೊಂದು ಗುಳಿಯಲ್ಲಿ ಎರಡು ಮೂರು ಹನಿಯಷ್ಟು ಪೋಷಕ ದ್ರವ, ಅದರಲ್ಲಿ ಕೆಲವು ಸಾವಿರ ಕ್ಯಾನ್ಸರ್ ಕೋಶಗಳು. ಮಸಾಲೆಯನ್ನು ಆಲ್ಕೊಹಾಲಿನಲ್ಲಿ ನೆನೆಹಾಕಿ, ಸೋಸಿ, ಆರಿಸಿ ತೆಗೆದ ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಗುಳಿಗಳಿಗೆ ಹಾಕುತ್ತಾರೆ. ಒಂದರಿಂದ ಮೂರು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ಬಣ್ಣ ಸೇರಿಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆಗೆ ತಿರುಗಿಸುತ್ತದೆ, ಸತ್ತದ್ದು ತಿರುಗಿಸುವುದಿಲ್ಲ. ನೇರಳೆ ಕಡಿಮೆಯಾದಷ್ಟೂ ಸಾರ ಪರಿಣಾಮಕಾರಿ ಎಂದು ಲೆಕ್ಕ.

ಇದು ಒಳ್ಳೆಯ ಮೊದಲ ಜರಡಿ. ಸಾವಿರ ವಸ್ತುಗಳಲ್ಲಿ ಮುಂದೆ ನೋಡಬೇಕಾದ ಹತ್ತನ್ನು ಆರಿಸಿಕೊಡುತ್ತದೆ. ಆದರೆ ಗುಳಿಯಲ್ಲಿ ಹೊಟ್ಟೆ ಇಲ್ಲ, ಯಕೃತ್ತು ಇಲ್ಲ, ರಕ್ತ ಹರಿಯುವುದಿಲ್ಲ. ಹಾಕಿದ್ದೆಲ್ಲ ನೇರವಾಗಿ ಕೋಶದ ಮೈಗೆ ತಾಗುತ್ತದೆ, ಮೂರು ದಿನ ಅಲ್ಲೇ ಇರುತ್ತದೆ. ಸಾಬೂನಿನ ನೀರು, ಗಟ್ಟಿ ಉಪ್ಪುನೀರು ಹಾಕಿದರೂ ಆ ಕೋಶಗಳು ಸಾಯುತ್ತವೆ. ಅರಿಶಿಣದ ಮುಖ್ಯ ಅಂಶವಾದ ಕರ್ಕ್ಯುಮಿನ್ ಜೊತೆ ಇನ್ನೊಂದು ತೊಡಕಿದೆ. ಅದು ಸ್ವತಃ ಹಳದಿ, ಬೆಳಕಿಗೆ ಹೊಳೆಯುತ್ತದೆ, ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಹಾಗಾಗಿ ಬಣ್ಣ ನೋಡಿ ಲೆಕ್ಕ ಹಾಕುವ ಎಷ್ಟೋ ಪರೀಕ್ಷೆಗಳಲ್ಲಿ ಇಲ್ಲದ ಪರಿಣಾಮವನ್ನು ಇದೆ ಎಂದು ತೋರಿಸಿಬಿಡುತ್ತದೆ. ಕರ್ಕ್ಯುಮಿನ್‌ನ ಕುರಿತ ಸಂಶೋಧನೆಗಳನ್ನೆಲ್ಲ ಒರೆಗೆ ಹಚ್ಚಿದ 2017ರ ಒಂದು ವಿಮರ್ಶೆ ಈ ದೋಷವನ್ನೇ ಮುಂದಿಟ್ಟಿತು. ಮನುಷ್ಯರ ಮೇಲೆ 120ಕ್ಕೂ ಹೆಚ್ಚು ಪ್ರಯೋಗ ನಡೆದರೂ ಕಟ್ಟುನಿಟ್ಟಾದ ಹೋಲಿಕೆಯಲ್ಲಿ ಗೆದ್ದದ್ದು ಒಂದೂ ಇಲ್ಲ ಎಂಬ ತೀರ್ಮಾನಕ್ಕೂ ಅದು ಬಂತು.

ಸಾರಿನ ಬಟ್ಟಲಿನಿಂದ ರಕ್ತದವರೆಗೆ

ಇನ್ನು ಪ್ರಮಾಣದ ಲೆಕ್ಕ. ಗೊಂದಲವೆಲ್ಲ ಇಲ್ಲೇ ಬಿಡಿಸಿಕೊಳ್ಳುವುದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು.

ನಾಲ್ಕು ಜನರ ಮನೆಗೆ ತಿಂಗಳಿಗೆ 200 ಗ್ರಾಂ ಅರಿಶಿಣ ಪುಡಿ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ತಲೆಗೆ ದಿನಕ್ಕೆ ಒಂದೂಮುಕ್ಕಾಲು ಗ್ರಾಂಗಿಂತ ಸ್ವಲ್ಪ ಕಡಿಮೆ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3. ಅಂದರೆ ಒಬ್ಬರಿಗೆ ದಿನಕ್ಕೆ 50 ಮಿಲಿಗ್ರಾಂ. ಕುದಿಸಿದಾಗ ಅದರಲ್ಲೂ ನಷ್ಟವಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಬೇಯಿಸುವಾಗ ಕರ್ಕ್ಯುಮಿನ್ ನೂರಕ್ಕೆ 27ರಿಂದ 53ರಷ್ಟು ಕಳೆದುಹೋಗುತ್ತದೆ, ಕುಕ್ಕರಿನಲ್ಲಿ ಹೆಚ್ಚು. ಹುಣಸೆಹಣ್ಣು ಜೊತೆಗಿದ್ದರೆ ನಷ್ಟ 12ರಿಂದ 30ಕ್ಕೆ ಇಳಿಯುತ್ತದೆ. ಹುಳಿಸಾರು ಮಾಡುವವರಿಗೆ ಇದು ಸಂತೋಷದ ಸಂಗತಿ.

ಆದರೆ ಕ್ಯಾನ್ಸರ್ ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಕೊಟ್ಟದ್ದು ದಿನಕ್ಕೆ 8 ಗ್ರಾಂವರೆಗೆ ಶುದ್ಧ ಕರ್ಕ್ಯುಮಿನ್. ಅಷ್ಟನ್ನು ಅಡುಗೆಯ ಅರಿಶಿಣದಿಂದ ಪಡೆಯಬೇಕಾದರೆ ಸುಮಾರು 265 ಗ್ರಾಂ ಪುಡಿ ಬೇಕು. ಇಡೀ ಮನೆಯ ಒಂದು ತಿಂಗಳ ಅರಿಶಿಣವನ್ನೂ ಮೀರಿದ್ದನ್ನು ಒಬ್ಬನೇ ಒಂದು ದಿನದಲ್ಲಿ ತಿಂದಂತೆ. ಅಷ್ಟು ಕೊಟ್ಟರೂ ರಕ್ತದಲ್ಲಿ ಎಷ್ಟು ಸಿಕ್ಕಿತು? ತೈವಾನಿನಲ್ಲಿ 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅತಿ ಹೆಚ್ಚೆಂದರೆ ಸರಾಸರಿ ಲೀಟರಿಗೆ 0.65 ಮಿಲಿಗ್ರಾಂ. ಅಮೆರಿಕದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದವರಿಗೆ ಅಷ್ಟೇ ಕೊಟ್ಟಾಗ 0.04 ಮಿಲಿಗ್ರಾಂ ಆಸುಪಾಸು. ಗಾಜಿನ ತಟ್ಟೆಯಲ್ಲಿ ಅರ್ಧದಷ್ಟು ಕೋಶ ಸಾಯಲು ಸಾಮಾನ್ಯವಾಗಿ ಬೇಕಾಗುವುದು ಲೀಟರಿಗೆ 4ರಿಂದ 18 ಮಿಲಿಗ್ರಾಂ. ಅಂತರ ಸುಮಾರು ಆರು ಪಟ್ಟಿನಿಂದ ನಾನೂರೈವತ್ತು ಪಟ್ಟು.

ಇಷ್ಟು ಕಡಿಮೆ ಯಾಕೆ? ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಬಹುಪಾಲು ಮಲದಲ್ಲೇ ಹೊರಹೋಗುತ್ತದೆ. ಕರುಳಿನ ಗೋಡೆ ದಾಟಿದ ಸ್ವಲ್ಪಕ್ಕೂ ಅಲ್ಲೇ ಮತ್ತು ಯಕೃತ್ತಿನಲ್ಲಿ ಒಂದು ಸಕ್ಕರೆಯ ತುಣುಕೋ ಗಂಧಕದ ತುಣುಕೋ ಅಂಟುತ್ತದೆ. ಹಾಗೆ ಅಂಟಿದ್ದು ದೇಹದ ಲೆಕ್ಕದಲ್ಲಿ ಹೊರಹಾಕಬೇಕಾದ ಕಸ. ಐಐಟಿಯವರು ನ್ಯಾನೊ ಹನಿಗಳ ಹಿಂದೆ ಬಿದ್ದಿರುವುದು ಈ ಅಡ್ಡಿ ದಾಟುವುದಕ್ಕೇ. ಹೀಗೆ ನೋಡಿದರೆ ಆ ಸುದ್ದಿಯ ಅರ್ಥವೇ ಬೇರೆ. ಅಡುಗೆಯ ರೂಪದಲ್ಲಿ ಮಸಾಲೆ ಗಡ್ಡೆಯವರೆಗೆ ತಲುಪುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಸಂಶೋಧಕರು ಹೊಸ ದಾರಿ ಹುಡುಕುತ್ತಿದ್ದಾರೆ. ಅವರ ಕೆಲಸಕ್ಕೆ ಪ್ರೋತ್ಸಾಹ ಸಿಗಲೇಬೇಕು. ಆದರೆ ಅದನ್ನು ತೋರಿಸಿ ಕಷಾಯ ಮಾರುವುದಕ್ಕೆ ಆಧಾರವಿಲ್ಲ.

ಕಾಳುಮೆಣಸು ಸೇರಿಸಿದರೆ?

ಅರಿಶಿಣದ ಜೊತೆ ಕಾಳುಮೆಣಸು ಸೇರಿಸಿ ಎಂಬ ಸಲಹೆ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಇದರ ಮೂಲ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನ. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರಿದ ಪ್ರಮಾಣ ಶೇ. 2000ರಷ್ಟು ಹೆಚ್ಚಿತು. 20 ಮಿಲಿಗ್ರಾಂ ಪೈಪರಿನ್ ಅಂದರೆ ಏಳೆಂಟು ಕಾಳುಮೆಣಸು. ಅಂಕಿ ದೊಡ್ಡದು, ನಿಜ. ಆದರೆ ಇಪ್ಪತ್ತು ಪಟ್ಟು ಹೆಚ್ಚಿದ್ದು ಹೆಚ್ಚುಕಡಿಮೆ ಸೊನ್ನೆಯಿಂದ.

ಹೆಚ್ಚಿದ್ದು ಹೇಗೆ ಎಂಬುದು ಇನ್ನೂ ಮುಖ್ಯ. ಕಸ ಎಂದು ಗುರುತು ಹಚ್ಚುವ ಯಕೃತ್ತಿನ ಕೆಲಸವನ್ನೇ ಪೈಪರಿನ್ ತಡೆಯುತ್ತದೆ. ಆ ಕೆಲಸ ಕರ್ಕ್ಯುಮಿನ್‌ಗೆ ಮಾತ್ರ ಮೀಸಲಲ್ಲ. ಮೂರ್ಛೆರೋಗದ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್, ಉಬ್ಬಸದ ಥಿಯೊಫಿಲಿನ್ ಎಲ್ಲವನ್ನೂ ಯಕೃತ್ತೇ ವಿಲೇವಾರಿ ಮಾಡಬೇಕು. ಪೈಪರಿನ್ ಗುಳಿಗೆ ನುಂಗಿದರೆ ಇವುಗಳ ಪ್ರಮಾಣವೂ ರಕ್ತದಲ್ಲಿ ಏರಬಹುದು. ಮೆಣಸಿನ ಸಾರು, ಪೊಂಗಲ್ ತಿನ್ನುವವರು ಹೆದರಬೇಕಾಗಿಲ್ಲ, ಅಪಾಯ ಇರುವುದು ಸಾಂದ್ರವಾಗಿ ಗುಳಿಗೆ ಮಾಡಿ ದಿನವೂ ನುಂಗುವುದರಲ್ಲಿ.

ಮನುಷ್ಯರ ಮೇಲೆ ನೋಡಿದಾಗ

ಮಸಾಲೆಯ ಪರ ಇರುವ ಅತ್ಯುತ್ತಮ ಸಾಕ್ಷ್ಯವನ್ನೇ ತೆಗೆದುಕೊಳ್ಳೋಣ. ಬಾಯಿಯೊಳಗೆ ಬಿಳಿ ಮಚ್ಚೆ ಏಳುವ ಲ್ಯುಕೊಪ್ಲೇಕಿಯಾ ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತದೆ. ಭಾರತದಲ್ಲೇ ಇಂಥ 223 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳು ದಿನಕ್ಕೆ 3.6 ಗ್ರಾಂ ಕರ್ಕ್ಯುಮಿನ್, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಸತ್ವವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 2016ರಲ್ಲಿ ಪ್ರಕಟವಾದ ಫಲಿತಾಂಶ: ಕರ್ಕ್ಯುಮಿನ್ ತೆಗೆದುಕೊಂಡ ನೂರಕ್ಕೆ 67.5 ಮಂದಿಯಲ್ಲಿ ಮಚ್ಚೆ ಕುಗ್ಗಿತು. ಖಾಲಿ ಗುಳಿಗೆಯವರಲ್ಲಿ 55.3 ಮಂದಿಯಲ್ಲಿ.

ಎರಡನೇ ಅಂಕಿಯ ಮೇಲೆ ಒಂದು ಕ್ಷಣ ನಿಲ್ಲಬೇಕು. ಏನೂ ಇಲ್ಲದ ಗುಳಿಗೆ ತಿಂದ ಅರ್ಧಕ್ಕಿಂತ ಹೆಚ್ಚು ಜನರ ಮಚ್ಚೆಯೂ ಕುಗ್ಗಿದೆ. ಹೋಲಿಕೆಯ ಗುಂಪು ಇರದಿದ್ದರೆ "ಅರಿಶಿಣದಿಂದ ಮೂರರಲ್ಲಿ ಇಬ್ಬರಿಗೆ ಗುಣ" ಎಂದು ಶೀರ್ಷಿಕೆ ಬರುತ್ತಿತ್ತು. "ನಮ್ಮ ಪಕ್ಕದ ಮನೆಯವರಿಗೆ ವಾಸಿಯಾಯಿತು" ಎಂಬ ಮಾತು ಪ್ರಾಮಾಣಿಕವಾಗಿದ್ದರೂ ಪುರಾವೆ ಆಗದಿರುವುದು ಈ ಕಾರಣಕ್ಕೆ. ಅಂಗಾಂಶದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡು ಗುಂಪಿನ ವ್ಯತ್ಯಾಸ ಖಚಿತ ಎನ್ನುವಷ್ಟು ಇರಲಿಲ್ಲ. ಹಾಗೆಂದು ಇದನ್ನು ತಳ್ಳಿಹಾಕುವಂತಿಲ್ಲ, ಭರವಸೆ ಇದೆ, ಇನ್ನಷ್ಟು ನೋಡಬೇಕು. ದೊಡ್ಡ ಕರುಳಿನಲ್ಲಿ ಗಂಟುಗಳು ಏಳುವ ಆನುವಂಶಿಕ ರೋಗದ 44 ಮಂದಿಗೆ ಒಂದು ವರ್ಷ ದಿನಕ್ಕೆ 3 ಗ್ರಾಂ ಕೊಟ್ಟ 2018ರ ಪ್ರಯೋಗದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಶುಂಠಿಯದು ಬೇರೆ ಕಥೆ. ಕೀಮೊ ಪಡೆದ ದಿನದ ವಾಕರಿಕೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿಯಿಂದ ಕಡಿಮೆಯಾಯಿತೆಂದು ಐದುನೂರಕ್ಕೂ ಹೆಚ್ಚು ರೋಗಿಗಳ ಅಧ್ಯಯನ ತೋರಿಸಿದೆ. ಅದರಿಂದ ಗಡ್ಡೆ ಕರಗುವುದಿಲ್ಲ, ಆದರೆ ಊಟ ಸೇರುವುದು ರೋಗಿಗೆ ಸಣ್ಣ ಸಂಗತಿಯಲ್ಲ.

ಗಿಡದಿಂದ ಕ್ಯಾನ್ಸರ್ ಔಷಧಿ ಬರುವುದೇ ಇಲ್ಲವೆಂದಲ್ಲ. ಮನೆಯಂಗಳದ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಬಂದವು, ಮಕ್ಕಳ ರಕ್ತ ಕ್ಯಾನ್ಸರ್‌ಗೆ ವಿನ್‌ಕ್ರಿಸ್ಟಿನ್ ಇಂದಿಗೂ ಬೇಕೇ ಬೇಕು. ಆದರೆ ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. ನಿತ್ಯಪುಷ್ಪದ ಎಲೆ ಜಗಿದರೆ ಔಷಧಿಯಾಗುವುದಿಲ್ಲ, ಗಿಡವೇ ವಿಷಕಾರಿ. ಬೇರ್ಪಡಿಸಿ, ಶುದ್ಧಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೆ ಕೊಟ್ಟಾಗ ಮಾತ್ರ ಅದು ಔಷಧಿ.

ಅಡಿಕೆಯ ಪಾಠ

ಈ ಭಾಗದವರಿಗೆ ಇಡೀ ವಿಷಯ ತಿಳಿಯಾಗಲು ದೂರದ ಉದಾಹರಣೆ ಬೇಡ. 2016ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು ಅಡಿಕೆಯಲ್ಲಿರುವ ಅರೆಕೋಲಿನ್ ಕ್ಯಾನ್ಸರ್ ಕೋಶಗಳಿಗೆ ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ, ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ನಿಧಾನವಾಗುತ್ತದೆ ಎಂದು ಪ್ರಕಟಿಸಿದರು. ಗಂಭೀರ ಸಂಶೋಧನೆ. ಅದೇ ಅರೆಕೋಲಿನ್ ಇರುವ ಅಡಿಕೆಯನ್ನು ಐಎಆರ್‌ಸಿ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿದೆ. ಎರಡೂ ನಿಜ.

ಹೇಗೆ? ಪ್ರಯೋಗಾಲಯದಲ್ಲಿ ಅಳೆದ ಪ್ರಮಾಣ, ಕೆಲವು ದಿನ, ಆಗಲೇ ಕ್ಯಾನ್ಸರ್ ಆದ ಕೋಶ. ಬಾಯಲ್ಲಿ ದಿನಕ್ಕೆ ಹತ್ತು ಸಲ, ಇಪ್ಪತ್ತು ವರ್ಷ, ಆರೋಗ್ಯವಾಗಿದ್ದ ಕೆನ್ನೆ. ಅಗಿದಾಗ ಸುಣ್ಣದ ಜೊತೆ ಸೇರಿದ ಅರೆಕೋಲಿನ್ ಕೆನ್ನೆಯೊಳಗಿನ ಕೋಶಗಳನ್ನು ಕೆರಳಿಸಿ ನಾರು ಹೆಚ್ಚು ಹೆಣೆಯುವಂತೆ ಮಾಡುತ್ತದೆ. ಅಡಿಕೆಯ ಒಗರಿನ ಅಂಶ ಆ ನಾರು ಕರಗದಂತೆ ತಡೆಯುತ್ತದೆ, ಅದರ ತಾಮ್ರ ನಾರುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಮೆತ್ತಗಿದ್ದ ಕೆನ್ನೆ ಬಿಳಿಚಿ, ಹಲಗೆಯಂತೆ ಗಟ್ಟಿಯಾಗುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಕೆಲವರಲ್ಲಿ ಅದು ಕ್ಯಾನ್ಸರ್‌ಗೆ ತಿರುಗುತ್ತದೆ. 2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 83,400 ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ ಅಡಿಕೆ ಮತ್ತು ಹೊಗೆರಹಿತ ತಂಬಾಕು ಕಾರಣ ಎಂಬುದು ಐಎಆರ್‌ಸಿ ಲೆಕ್ಕ.

ಬೆಳೆಗಾರರ ವಾದವನ್ನೂ ಕೇಳಬೇಕು. ತಲೆಮಾರುಗಳಿಂದ ಊಟದ ನಂತರ ಎಲೆ ಅಡಿಕೆ ಹಾಕಿದ್ದೇವೆ, ಅಧ್ಯಯನ ಮಾಡಿದವರು ತಂಬಾಕು ಬೆರೆತ ಗುಟ್ಕಾವನ್ನು ಅಡಿಕೆಯ ತಲೆಗೆ ಕಟ್ಟಿದ್ದಾರೆ ಎನ್ನುತ್ತಾರೆ. ಇಂದಿನ ಯುವಕರು ಬೆಳಗಿನಿಂದ ರಾತ್ರಿಯವರೆಗೆ ಪ್ಯಾಕೆಟ್ ಹರಿಯುವುದಕ್ಕೂ, ಅಜ್ಜ ದಿನಕ್ಕೆರಡು ಸಲ ತಾಂಬೂಲ ಹಾಕುತ್ತಿದ್ದುದಕ್ಕೂ ವ್ಯತ್ಯಾಸವಿದೆ ಎಂಬುದು ಸರಿಯೇ. ಆದರೆ ತಂಬಾಕಿನ ವಾದ ನಿಲ್ಲುವುದಿಲ್ಲ. ತೈವಾನಿನಲ್ಲಿ ಅಡಿಕೆಯ ಜೊತೆ ತಂಬಾಕು ಹಾಕುವ ರೂಢಿಯೇ ಇಲ್ಲ, ಅಲ್ಲೂ ಬಾಯಿ ಕ್ಯಾನ್ಸರ್ ಅಡಿಕೆ ಜಗಿಯುವವರನ್ನೇ ಹೆಚ್ಚಾಗಿ ಹಿಡಿದಿದೆ. ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ತರಗತಿಗಳ ಧಾರಣೆ ನೋಡಿ ಸಾಲ ತೀರಿಸುವ ರೈತನನ್ನು ಅಪರಾಧಿ ಮಾಡುವ ಮಾತಲ್ಲ ಇದು. ಇಲಿಯ ಮೇಲಿನ ಪ್ರಯೋಗ ತೋರಿಸಿ ಅಡಿಕೆ ಕ್ಯಾನ್ಸರ್ ನಿರೋಧಕ ಎಂದು ಅವರನ್ನು ನಂಬಿಸಿದರೆ ಕೊನೆಗೆ ಮೋಸಹೋಗುವುದು ಅವರ ಮಕ್ಕಳ ಬಾಯಿ.

ಇದರಲ್ಲೇ ಅರಿಶಿಣದ ಪ್ರಶ್ನೆಗೂ ಒಂದು ಉತ್ತರವಿದೆ. ಭಾರತದಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ ಇರುವುದು ಅರಿಶಿಣದಿಂದ ಎಂಬ ವಾದವಿದೆ. ನಾರಿನಂಶದ ಊಟ, ಕಡಿಮೆ ಮಾಂಸ, ಜನರ ವಯಸ್ಸು, ತಪಾಸಣೆಯ ಕೊರತೆ ಇವೆಲ್ಲವೂ ಆ ಅಂಕಿಯಲ್ಲಿ ಬೆರೆತಿವೆ. ಅರಿಶಿಣ ಅತಿ ಹೆಚ್ಚು ನೇರವಾಗಿ ತಾಗುವ ಜಾಗ ಬಾಯಿ. ಅಲ್ಲಿ ರಕ್ತಕ್ಕೆ ಸೇರುವ ತಕರಾರೇ ಇಲ್ಲ, ದಿನಕ್ಕೆ ಮೂರು ಹೊತ್ತು ತಾಗುತ್ತದೆ. ಆದರೂ ದೇಶದ ಗಂಡಸರಲ್ಲಿ ಮೊದಲ ಸ್ಥಾನದಲ್ಲಿರುವುದು ಬಾಯಿಯ ಕ್ಯಾನ್ಸರ್. ಸಾರಿನಲ್ಲಿರುವಷ್ಟು ಅರಿಶಿಣಕ್ಕೆ ಗುಟ್ಕಾ ಮತ್ತು ಅಡಿಕೆಯ ಹಾನಿಯನ್ನು ತಡೆಯುವ ಶಕ್ತಿ ಇದ್ದಿದ್ದರೆ ಚಿತ್ರ ಹೀಗಿರುತ್ತಿರಲಿಲ್ಲ.

ಡಬ್ಬಿಯಲ್ಲಿ ನೋಡಬೇಕಾದದ್ದು

ಮಸಾಲೆಯ ವಿಷಯದಲ್ಲಿ ಮನೆಯವರ ಕೈಯಲ್ಲಿರುವ ರಕ್ಷಣೆ ಬೇರೆ ಕಡೆ ಇದೆ: ಬೂಸ್ಟು ಮತ್ತು ಬಣ್ಣವನ್ನು ದೂರವಿಡುವುದರಲ್ಲಿ.

ಮೆಣಸಿನಕಾಯಿ, ಶೇಂಗಾ ಸರಿಯಾಗಿ ಒಣಗದಿದ್ದರೆ ಹಳದಿ ಹಸಿರು ಬೂಸ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಯಕೃತ್ತಿನ ಕ್ಯಾನ್ಸರ್‌ಗೆ ಇದು ಕಾರಣವೆಂಬುದರಲ್ಲಿ ಅನುಮಾನವಿಲ್ಲ. ಕುದಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಗಿಡದಲ್ಲಿರುವಾಗಲೇ ಸೋಂಕು ತಗಲುತ್ತದೆ. ಚಳ್ಳಕೆರೆಯಂಥ ಬರದ ಸೀಮೆಗೆ ಇದು ಹತ್ತಿರದ ವಿಷಯ. ಸುಲಿಯುವ ಮುಂಚೆ ಕಾಳು ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸಿ ಹಾಗೇ ಚೀಲಕ್ಕೆ ತುಂಬಿದರೆ ಬೂಸ್ಟಿಗೆ ಬಾಗಿಲು ತೆರೆದಂತೆ. ತೂಕಕ್ಕೆಂದು ಮೆಣಸಿನಕಾಯಿಗೆ ನೀರು ಹೊಡೆದರೂ ಅಷ್ಟೇ. ಖಾರ ಕುಟ್ಟಿಸುವ ಮುಂಚೆ ಹತ್ತಾರು ಕಾಯಿ ಸೀಳಿ ನೋಡಿ. ಒಳಗೆ ಬೀಜದ ಸುತ್ತ ಕಪ್ಪು ಅಥವಾ ಬೂದಿ ಬಣ್ಣ ಇದ್ದರೆ, ತೊಟ್ಟಿನ ಹತ್ತಿರ ಬಿಳಚಿಕೊಂಡಿದ್ದರೆ ಆ ಲಾಟು ಬೇಡ. ಬಿಸಿಲಿಗೆ ಹಾಕಿ ಕಾಯಿ ಮುರಿದಾಗ ಸದ್ದು ಬರುವಷ್ಟು ಗರಿಗರಿಯಾದ ಮೇಲೆ ಕುಟ್ಟಿಸಿ, ಪುಡಿ ಪೂರ್ತಿ ಆರಿದ ನಂತರ ಡಬ್ಬಿಗೆ ತುಂಬಿ. ಬಿಸಿ ಪುಡಿ ತುಂಬಿದರೆ ಮುಚ್ಚಳದಲ್ಲಿ ಹನಿ ಕಟ್ಟಿ ಅಲ್ಲಿಂದಲೇ ಗಂಟು ಶುರುವಾಗುತ್ತದೆ. ಮುಗ್ಗಲು ಕಹಿ ಬಂದ ಶೇಂಗಾ ಕಾಳನ್ನು ಉಗುಳಿಬಿಡಿ. ಅಂಥದ್ದನ್ನು ಗಾಣಕ್ಕೆ ಹಾಕುವುದೂ ಬೇಡ, ಹಿಂಡಿ ತಿಂದ ಹಸುವಿನ ಹಾಲಿಗೂ ವಿಷ ಇಳಿಯುತ್ತದೆ.

ಬಣ್ಣದ ಅಪಾಯ ಪುಡಿಯಲ್ಲಿ ಹೆಚ್ಚು, ಕೊಂಬಿನಲ್ಲಿ ಕಡಿಮೆ, ಆದರೆ ಕೊಂಬಿಗೂ ಹಚ್ಚುತ್ತಾರೆ. ಅರಿಶಿಣ ಎದ್ದು ಕಾಣಲೆಂದು ಬಳಸುವ ಸೀಸದ ಕ್ರೋಮೇಟ್‌ನಲ್ಲಿ ಮಕ್ಕಳ ಮಿದುಳಿಗೆ ಮಾರಕವಾದ ಸೀಸವೂ ಇದೆ, ಕ್ಯಾನ್ಸರ್ ತರುವ ಕ್ರೋಮಿಯಂ ಕೂಡ. ಬಾಂಗ್ಲಾದೇಶದ ಮಾರುಕಟ್ಟೆಯ ಮಾದರಿಗಳಲ್ಲಿ 2019ರಲ್ಲಿ ನೂರಕ್ಕೆ 47ರಲ್ಲಿ ಇದು ಸಿಕ್ಕಿತ್ತು. ಸರ್ಕಾರ ಬಿಗಿಯಾಗಿ ನಿಂತ ಮೇಲೆ 2021ಕ್ಕೆ ಸೊನ್ನೆಗೆ ಇಳಿಯಿತು, ಮನಸ್ಸು ಮಾಡಿದರೆ ಆಗುವ ಕೆಲಸ. ಮನೆಯಲ್ಲಿ ಒಂದು ಲೋಟ ನೀರಿಗೆ ಅರ್ಧ ಚಮಚ ಪುಡಿ ಹಾಕಿ ಕಲಕದೆ ಬಿಡಿ. ಒಳ್ಳೆಯ ಅರಿಶಿಣ ತಳಕ್ಕೆ ಇಳಿದು ಮೇಲಿನ ನೀರು ತೆಳು ಹಳದಿಯಾಗುತ್ತದೆ, ಬಣ್ಣ ಬೆರೆತಿದ್ದರೆ ನೀರೆಲ್ಲ ಗಾಢ ಹಳದಿ. ಖಾರದ ಪುಡಿ ಉದುರಿಸಿದಾಗ ಕೆಂಪು ಗೆರೆಗಳು ದಾರದಂತೆ ಇಳಿದರೆ ಕೃತಕ ಬಣ್ಣವಿದೆ. ಇದು ಒರಟು ಪರೀಕ್ಷೆ, ಸಂಶಯ ಬಂದರೆ ಮಾದರಿಯನ್ನು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಕೊಡಬೇಕು. ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೊಡಮಿನ್–ಬಿ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದೂ ಇದೇ ಸಾಲಿನ ಕ್ರಮ. ಅದು ಬಟ್ಟೆಗೆ ಹಾಕುವ ಬಣ್ಣ.

ಎಥಿಲಿನ್ ಆಕ್ಸೈಡ್ ಅನಿಲವನ್ನು ಮಸಾಲೆಯಲ್ಲಿರುವ ರೋಗಾಣು ಕೊಲ್ಲಲು ಬಳಸುತ್ತಾರೆ. ಉಳಿಕೆ ಎಷ್ಟಿರಬಹುದು ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ಇಲ್ಲಿನ ಮಾರುಕಟ್ಟೆಯಿಂದ ತೆಗೆದ ಮಾದರಿಗಳಲ್ಲಿ ಅದು ಕಾಣಲಿಲ್ಲ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆಮೇಲೆ ಹೇಳಿತು.

ಚಿಕಿತ್ಸೆಯ ನಡುವೆ ಗುಳಿಗೆ

ಕ್ಯಾನ್ಸರ್ ಔಷಧಿ ನಡೆಯುತ್ತಿರುವಾಗ ಅರಿಶಿಣದ ಸಾಂದ್ರ ಗುಳಿಗೆ ಸೇರಿಸುವುದು ಬೇಡವೆನ್ನಲು ಗಟ್ಟಿ ಕಾರಣಗಳಿವೆ. ಸ್ತನ ಕ್ಯಾನ್ಸರ್ ಮರಳದಂತೆ ವರ್ಷಗಟ್ಟಲೆ ನುಂಗುವ ಟ್ಯಾಮೊಕ್ಸಿಫೆನ್ ದೇಹದೊಳಗೆ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೆಯೇ ಕೆಲಸ ಮಾಡುವುದು. ನೆದರ್‌ಲ್ಯಾಂಡ್ಸ್‌ನ 2019ರ ಅಧ್ಯಯನದಲ್ಲಿ ಕರ್ಕ್ಯುಮಿನ್ ಮತ್ತು ಪೈಪರಿನ್ ಜೊತೆಯಾಗಿ ಕೊಟ್ಟಾಗ ಎಂಡಾಕ್ಸಿಫೆನ್ ಪ್ರಮಾಣ ನೂರಕ್ಕೆ 12ರಷ್ಟು ಇಳಿಯಿತು. ಮೊದಲೇ ಕಡಿಮೆ ಇರುವವರಲ್ಲಿ ಅಷ್ಟು ಇಳಿದರೂ ಔಷಧಿ ನಾಟದೆ ಹೋಗಬಹುದು. ಅಮೆರಿಕದಲ್ಲಿ 2004ರಿಂದ 2022ರವರೆಗೆ ಅರಿಶಿಣದ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಹತ್ತು ಪ್ರಕರಣಗಳನ್ನು ತಜ್ಞರು ದಾಖಲಿಸಿದರು, ಒಬ್ಬರು ತೀರಿಕೊಂಡರು. ಕೀಮೊದಿಂದ ಯಕೃತ್ತು ಮೊದಲೇ ಬಳಲಿರುವ ರೋಗಿಗೆ ಹೀಗಾದರೆ ಮುಂದಿನ ಸುತ್ತಿನ ಕೀಮೊ ಮುಂದಕ್ಕೆ ಹೋಗುತ್ತದೆ.

ತಡಮಾಡುವುದರ ಬೆಲೆ ಇನ್ನೂ ದೊಡ್ಡದು. ಬೇರೆ ಅಂಗಕ್ಕೆ ಹರಡಿರದ, ವಾಸಿಯಾಗಬಲ್ಲ ಕ್ಯಾನ್ಸರ್ ಇದ್ದೂ ಪರ್ಯಾಯ ಚಿಕಿತ್ಸೆಯನ್ನು ಮಾತ್ರ ಆರಿಸಿಕೊಂಡವರಲ್ಲಿ ಸಾವಿನ ಸಂಭವ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರ್‌ನಲ್ಲಿ ಐದೂವರೆ ಪಟ್ಟಿಗೂ ಹೆಚ್ಚು ಎಂದು ಅಮೆರಿಕದ 2018ರ ಅಧ್ಯಯನ ಕಂಡುಕೊಂಡಿತು. ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಊರಲ್ಲಿ ಅಂಥ ಕರಪತ್ರ ಕಂಡರೆ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಬಹುದು. ಕೀಮೊ ನಡೆಯುವಾಗ ಅಡುಗೆಯ ಅರಿಶಿಣ, ಒಗ್ಗರಣೆ ಬಿಡಬೇಕಾಗಿಲ್ಲ. ಬಾಯಿ ಹುಣ್ಣಿದ್ದಾಗ ಖಾರ ಮಾತ್ರ ಕಡಿಮೆ ಮಾಡಬೇಕು. ಗುಳಿಗೆ, ಕಷಾಯ, ಲೇಹ್ಯ ಏನೇ ತೆಗೆದುಕೊಳ್ಳುತ್ತಿದ್ದರೂ ಡಬ್ಬಿ ಸಮೇತ ವೈದ್ಯರಿಗೆ ತೋರಿಸಿ.

ಖಾರ ಹೇಳುವ ಸುಳಿವು

ಕ್ಯಾನ್ಸರ್ ವಿಷಯದಲ್ಲಿ ಮಸಾಲೆಯಿಂದ ಒಂದು ದೊಡ್ಡ ಉಪಕಾರ ಈಗಲೇ ಸಿಗುತ್ತದೆ. ಅಡಿಕೆಯಿಂದ ಬಾಯಿ ಬಿಗಿಯುವ ರೋಗದ ಮೊದಲ ಸೂಚನೆ ನೋವಲ್ಲ, ಉರಿ. ನಿನ್ನೆ ಮೊನ್ನೆಯವರೆಗೆ ಮಂಡಕ್ಕಿ ಮಿರ್ಚಿ ಸಲೀಸಾಗಿ ತಿನ್ನುತ್ತಿದ್ದವರಿಗೆ ಈಗ ಸಪ್ಪೆ ಸಾರೂ ಕೆನ್ನೆಯೊಳಗೆ ಉರಿಯುತ್ತಿದ್ದರೆ ಅದನ್ನು ಉಷ್ಣ ಎಂದು ಬಿಡಬಾರದು. ಕನ್ನಡಿಯ ಮುಂದೆ ನಿಂತು ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು ಮೇಲಿನ ಮತ್ತು ಕೆಳಗಿನ ಮುಂಹಲ್ಲಿನ ನಡುವೆ ಇಟ್ಟು ನೋಡಿ. ದೊಡ್ಡವರಿಗೆ ಮೂರೂ ಹಿಡಿಯಬೇಕು. ಎರಡೇ ಹಿಡಿದರೆ, ನಾಲಿಗೆ ಹೊರಚಾಚಲು ಬಿಗಿಯಾದರೆ, ಬಿಳಿ ಅಥವಾ ಕೆಂಪು ಮಚ್ಚೆ ಉಜ್ಜಿದರೂ ಹೋಗದಿದ್ದರೆ, ಯಾವುದೇ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ದಂತವೈದ್ಯರ ಬಳಿ ಅಥವಾ ಜಿಲ್ಲಾ ಆಸ್ಪತ್ರೆಗೆ ಅದೇ ವಾರ ಹೋಗಬೇಕು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಕಾರ್ಡು ಮತ್ತು ಆಧಾರ್ ಜೊತೆಗಿರಲಿ. ಅಡಿಕೆ, ಗುಟ್ಕಾ ಅಂದಿನಿಂದಲೇ ನಿಲ್ಲಬೇಕು. ಈ ಹಂತದಲ್ಲಿ ಬಿಟ್ಟರೆ ಬಿಗಿತ ಪೂರ್ತಿ ಹೋಗದಿದ್ದರೂ ಉರಿ ತಗ್ಗುತ್ತದೆ, ಬಾಯಿ ಇನ್ನಷ್ಟು ಮುಚ್ಚಿಕೊಳ್ಳುವುದು ನಿಧಾನವಾಗುತ್ತದೆ, ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸುತ್ತಿದ್ದರೆ ಕ್ಯಾನ್ಸರ್ ಶುರುವಾದರೂ ಸಣ್ಣದಿರುವಾಗಲೇ ಸಿಕ್ಕಿಬೀಳುತ್ತದೆ.